ಎರಡಾಗುವುದನ್ನು ಕಾಯುತ್ತಿದ್ದ ಮೇಡಂ

ಕಡೂರಿನ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಮೇಡಂ, ಹಿತ್ತಿಲ ತೊಟ್ಟಿಯಲ್ಲಿ ಬೆಳೆದ ಹಳದಿಹಸಿರು ಪಾಚಿಯ ಎಳೆಗಳನ್ನು ದಿನವೂ ಮೈಕ್ರೋಸ್ಕೋಪಿನಲ್ಲಿ ನೋಡೋರು. ಊಟಕ್ಕೆ ಕರೆದರೆ, "ತಡೀರಿ ಅಕ್ಕ, ಇನ್ನೂ ಎರಡಾಗಿಲ್ಲ" ಅನ್ನೋರು.

ಕಾರ್ತಿಕ ಸೋಮವಾರದ ಪೂಜೆಗೆಂದು ನಾನು ತೊಟ್ಟಿ ಉಜ್ಜಿ ತೊಳೆದುಬಿಟ್ಟೆ. ಅವರ ಮೂರು ತಿಂಗಳ ಕೆಲಸವೆಲ್ಲ ಅದರಲ್ಲೇ ಇತ್ತು. ಮೇಡಂ ಬೈಯಲಿಲ್ಲ. "ಉಜ್ಜಿದ ನಾರೆಲ್ಲಿ ಅಕ್ಕ?" ಅಂದರು. ಶಿವನ ದಯೆ, ತೆಂಗಿನ ನಾರನ್ನು ಇನ್ನೂ ತೊಳೆದಿರಲಿಲ್ಲ. ಅದರಿಂದ ಸೂಜಿಯಲ್ಲಿ ಒಂದೊಂದೇ ಎಳೆ ಬಿಡಿಸಿಕೊಂಡರು.

ಎರಡು ದಿನ ಬಿಟ್ಟು, "ಬನ್ನಿ ಅಕ್ಕ, ಎರಡಾಯ್ತು" ಎಂದು ಕೂಗಿದರು. ಇಣುಕಿದೆ. ಉದ್ದ ಡಬ್ಬಿಯಂಥ ಒಂದು ಕೋಶದ ನಡುವೆ ಗೋಡೆ ಎದ್ದಿತ್ತು.

"ಅಣ್ಣತಮ್ಮಂದಿರು ಪಾಲಾದ ಹಾಗಿದೆಯಲ್ರೀ ಮೇಡಂ."

"ಹೂಂ ಅಕ್ಕ. ಹಳೇ ಗೋಡೆ ಅರ್ಧರ್ಧ, ಹೊಸದೂ ಅರ್ಧರ್ಧ. ಜಗಳ ಮಾತ್ರ ಇಲ್ಲ."

ಅವರಿಗೆ ವರ್ಗವಾಯಿತು. ಈಗಲೂ ತೊಟ್ಟಿ ತೊಳೆವಾಗ ಒಂದು ಮೂಲೆ ಉಜ್ಜದೆ ಬಿಡುತ್ತೇನೆ. ಶಿವ ಏನೂ ಅಂದುಕೊಂಡಿಲ್ಲ.