ಐಸಕ್ಕನ ಮಷೀನು ನಿಂತ ದಿನ

ಐಸ್ ಕಾರ್ಖಾನೆಯ ಆ ಹೆಂಗಸಿಗೆ ಬಂದರಿನವರೆಲ್ಲ ಸೇರಿ ಇಟ್ಟ ಹೆಸರು ಐಸಕ್ಕ. ಹೆಸರಿಗೆ ತಕ್ಕ ತಣ್ಣನೆಯ ಸ್ವಭಾವ ಮಾತ್ರ ಆಕೆಗಿರಲಿಲ್ಲ. ಐಸ್ ಪುಡಿ ಮಾಡುವ ಮಷೀನು ಇಪ್ಪತ್ತಾರು ವರ್ಷಗಳಲ್ಲಿ ಒಂದು ದಿನವೂ ಆಕೆಯ ಕೈಯಲ್ಲಿ ಕೆಟ್ಟು ನಿಂತಿರಲಿಲ್ಲ. ಜ್ವರ ಬಂದ ದಿನವೂ ಬಂದು, ಬೆಲ್ಟಿನ ಮೇಲೆ ಕೈಯಾಡಿಸಿ ನೋಡಿಯೇ ಮನೆಗೆ ಹೋಗಿ ಮಲಗಿದವಳು.

ಈಚೆಗೆ ಒಂದು ದೂರು ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು. ಮೊದಲಿನಷ್ಟೇ ದಿನದ ಮೀನುಗಾರಿಕೆಗೆ ದೋಣಿಯವರು ಎರಡು ಮೂರು ಬ್ಲಾಕ್ ಹೆಚ್ಚು ಐಸ್ ಕೇಳುತ್ತಿದ್ದರು. "ಐಸ್ ಕೊಡ್ತೀಯಾ, ನೀರು ಕೊಡ್ತೀಯಾ?" ಎಂದು ಸ್ವಂತ ತಮ್ಮನೇ ನಾಲ್ಕು ಜನರೆದುರು ಹಂಗಿಸಿದ್ದ.

ಆಕೆಯ ಮನೆಯ ಮಹಡಿಯಲ್ಲಿ ಹವಾಮಾನ ಕಚೇರಿಯ ಮೇಡಂ ಬಾಡಿಗೆಗಿದ್ದರು. ಒಮ್ಮೆ ಬಟ್ಟೆ ಒಣಹಾಕುವಾಗ ಐಸಕ್ಕ ಈ ಅಳಲು ತೋಡಿಕೊಂಡಳು.

"ನಿಮ್ಮ ಐಸ್ ಸರಿಯಾಗೇ ಇದೆ ಅಕ್ಕ," ಎಂದರು ಮೇಡಂ. "ಸಮುದ್ರಾನೇ ಬಿಸಿಯಾಗಿದೆ. ನಾವು ಉರಿಸೋ ಕಲ್ಲಿದ್ದಲು, ಡೀಸೆಲ್‌ನಿಂದ ಭೂಮಿ ಕಾಯ್ತಿದೆ. ಆ ಕಾವಿನಲ್ಲಿ ಹೆಚ್ಚಿನ ಪಾಲು ಸಮುದ್ರದ ಹೊಟ್ಟೆಗೇ ಹೋಗೋದು. ಚಂಡಮಾರುತಕ್ಕೆ ಬಿಸಿನೀರೇ ಊಟ. ಅದಕ್ಕೇ ಈಗ ಕೆಲವು ಒಂದೇ ದಿನದಲ್ಲಿ ಬಲಿತು ನಿಂತುಬಿಡ್ತವೆ."

ಅಪವಾದ ಕಳೆದ ಖುಷಿಯಲ್ಲಿ ಐಸಕ್ಕ ಕೊನೆಯ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ದೂರದ ಸಮುದ್ರದಲ್ಲಿ ವಾಯುಭಾರ ಕುಸಿತವೆಂದು ರೇಡಿಯೋ ಹೇಳಿದ ಬೆಳಿಗ್ಗೆ ಆ ಮಾತು ನೆನಪಾಯಿತು. ತಮ್ಮ ಆಗಲೇ ಬಲೆ ಹೇರಿಕೊಂಡು ಐಸಿಗೆ ಬಂದಿದ್ದ. ಅವನ ಹಿಂದೆ ಇನ್ನೂ ಹನ್ನೊಂದು ದೋಣಿಗಳು.

"ಹೋಗ್ಬೇಡ ಕಣೋ."

"ಕುಸಿತ ಬಲಿಯೋಕೆ ಮೂರು ದಿನ ಬೇಕು ಅಕ್ಕಾ. ಅಪ್ಪನ ಕಾಲದಿಂದ ನೋಡ್ತಿದ್ದೀವಿ. ನಾಳೆ ಸಂಜೆಗೆ ವಾಪಸ್ ಬಂದಿರ್ತೀನಿ."

"ಅಪ್ಪನ ಕಾಲದ ಸಮುದ್ರ ಅಲ್ಲ ಇದು."

"ನೀನು ಐಸ್ ನೋಡ್ಕೋ, ಸಮುದ್ರ ನಾನು ನೋಡ್ಕೋತೀನಿ."

ಐಸಕ್ಕನಿಗೆ ಮೈಯೆಲ್ಲ ಉರಿಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಸರಿ, ಐಸೇ ನೋಡಿಕೊಳ್ಳುತ್ತೇನೆ ಎಂದುಕೊಂಡು ಒಳಗೆ ಹೋದಳು. ಐದು ನಿಮಿಷದ ಮೇಲೆ ಹೊರಬಂದು "ಮಷೀನ್ ಕೆಟ್ಟಿದೆ," ಎಂದಳು. ಬೆಲ್ಟು ಆಕೆಯ ಚೀಲದಲ್ಲಿ, ಊಟದ ಡಬ್ಬಿಯ ಕೆಳಗಿತ್ತು.

ಐಸಿಲ್ಲದೆ ದೋಣಿ ಹೊರಡುವಂತಿಲ್ಲ. ಬ್ಲಾಕುಗಳನ್ನು ಸುತ್ತಿಗೆಯಲ್ಲಿ ಒಡೆಯೋಣವೆಂದರೆ, ಹನ್ನೆರಡು ದೋಣಿ ತುಂಬುವಷ್ಟರಲ್ಲಿ ಮೀನುಗಳಿಗೆ ಮೊಮ್ಮಕ್ಕಳಾಗುತ್ತವೆ. ಬೈಗುಳದ ಸುರಿಮಳೆಯಾಯಿತು. ರಿಪೇರಿಗೆ ಬಂದ ಮೆಕ್ಯಾನಿಕ್ ಬೋಳು ಚಕ್ರ ನೋಡಿದ, ಆಕೆ ಅವುಚಿಕೊಂಡ ಚೀಲ ನೋಡಿದ. "ಬೆಲ್ಟು ಹೋಗಿದೆ. ಹೊಸದು ಬರೋದು ನಾಡಿದ್ದು," ಎಂದು ಸಾರಿ ಹೊರಟೇಹೋದ. ತಮ್ಮ ಅಕ್ಕನ ಮುಖವನ್ನೂ ನೋಡದೆ ದೋಣಿಯನ್ನು ಹಿನ್ನೀರಿನಲ್ಲಿ ಕಟ್ಟಿದ.

ಆ ಮಧ್ಯಾಹ್ನವೆಲ್ಲ ಆಕೆ ರೇಡಿಯೋದ ಮುಂದೆಯೇ ಕುಳಿತಿದ್ದಳು. ಬಿರುಗಾಳಿ ಬಾರದೇ ಹೋದರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು. ಬರಲಿ ಎಂದು ಬೇಡಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಅದು ಮೂರು ದಿನ ಕಾಯಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಪೂರ್ತಿ ಚಂಡಮಾರುತವಾಗಿ ಬಂದು ಕಾರ್ಖಾನೆಯ ತಗಡಿನ ಸೂರನ್ನು ಎತ್ತಿ ಒಗೆಯಿತು. ಅಷ್ಟರಲ್ಲಿ ಬಂದರಿನವರೆಲ್ಲ ಶಾಲೆಯ ಕೋಣೆಗಳನ್ನು ಸೇರಿದ್ದರು. ಗಾಳಿ ನಿಂತ ಮೇಲೆ ತಲೆ ಎಣಿಸಿದರೆ ಹನ್ನೆರಡು ದೋಣಿಗಳವರೂ ಇದ್ದರು. ಐಸಕ್ಕ ಇನ್ನೊಮ್ಮೆ ಎಣಿಸಿದಳು. ಒಬ್ಬನೂ ಕಡಿಮೆಯಿರಲಿಲ್ಲ. ಹೋದ ಜೀವ ಬಂದಂತಾಗಿ ಬೆಂಚಿನ ಮೇಲೆ ಕುಳಿತಳು.

ಹಸಿದಿದ್ದ ತಮ್ಮ ಪಕ್ಕಕ್ಕೆ ಬಂದು ಕುಳಿತು ಅಕ್ಕನ ಚೀಲಕ್ಕೆ ಕೈ ಹಾಕಿದ. ಡಬ್ಬಿಯ ಜೊತೆ ಬೆಲ್ಟೂ ಬಂತು. ತಿರುವಿ ತಿರುವಿ ನೋಡಿದ. ಎಲ್ಲೂ ಒಂದು ಬಿರುಕಿಲ್ಲ.

"ಅಕ್ಕಾ, ಇನ್ನೊಂದ್ಸಲ ಮಷೀನ್ ನಿಲ್ಲಿಸ್ಬೇಡ. ಹೋಗ್ಬೇಡ ಅಂತ ಬಾಯಲ್ಲಿ ಹೇಳು, ಸಾಕು."

"ಹೇಳಿದ್ನಲ್ಲೋ!" ಐಸಕ್ಕ ಅವನ ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಅತ್ತಳು.

"ಹೌದು, ಹೇಳಿದ್ದೆ," ಎಂದ ತಮ್ಮ. ಆಮೇಲೆ ಎದ್ದು ನಿಂತು, ಬೆಲ್ಟನ್ನು ಮೇಲೆತ್ತಿ ಹಿಡಿದು, ಕೋಣೆಗೆಲ್ಲ ಕೇಳುವಂತೆ ಕೂಗಿದ: "ನೋಡ್ರಪ್ಪಾ, ನಮ್ಮಕ್ಕನ ಮಷೀನ್ ಕೆಟ್ಟೇ ಇರ್ಲಿಲ್ಲ!"