ಬಹುಮಾನ ಬಂದ ರಸ್ತೆ

ನಮ್ಮ ಊರಿಗೆ 'ಚೆನ್ನಾಗಿ ಯೋಜಿಸಿದ ಗ್ರಾಮ' ಎಂಬ ಸರ್ಕಾರದ ಬಹುಮಾನ ಬಂದದ್ದು ಒಂದು ರಸ್ತೆಯ ದೆಸೆಯಿಂದ. ಆ ರಸ್ತೆಯನ್ನು ಬರೆದವನು ನಾನು. ಊರಿನಲ್ಲಿ ಅದು ಇರಲಿಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ಕುಂದಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ಕಂಡದ್ದನ್ನು ಕಂಡ ಹಾಗೆ ಕಪ್ಪು ಶಾಯಿಯಲ್ಲಿ ಎಳೆಯುವ ಕೆಲಸ. ಸ್ವಂತ ಬುದ್ಧಿ ಉಪಯೋಗಿಸಬಾರದು ಎಂಬುದು ಅದರ ಮೊದಲ ನಿಯಮ. ನನಗೆ ಅದರಿಂದ ಕಷ್ಟವೇನೂ ಆಗಿರಲಿಲ್ಲ.

ಟ್ರೇಸಿಂಗ್ ಬಟ್ಟೆಯನ್ನು ಈಗಿನವರು ನೋಡಿರಲಿಕ್ಕಿಲ್ಲ. ನಯವಾದ ಹತ್ತಿಬಟ್ಟೆಗೆ ಗಂಜಿ ಹಾಕಿ ಗಾಜಿನಂತೆ ಹೊಳೆಯುವವರೆಗೆ ಉಜ್ಜಿರುತ್ತಿದ್ದರು. ಒಂದು ಹನಿ ನೀರು ಬಿದ್ದರೆ ಬಿಳಿ ಕಲೆಯಾಗಿ ಕೆಡುತ್ತಿತ್ತು. ನಮ್ಮ ಕರಾವಳಿಯ ಬೆವರಿಗೆ ಅದು ತಕ್ಕ ವಸ್ತುವಲ್ಲ, ವಾರಕ್ಕೊಂದಾದರೂ ಹಾಳಾಗುತ್ತಿತ್ತು. ಹಾಳಾದದ್ದನ್ನು ನಾವು ಮನೆಗೆ ಒಯ್ಯುತ್ತಿದ್ದೆವು. ಬಿಸಿನೀರಿನಲ್ಲಿ ಕುದಿಸಿದರೆ ಗಂಜಿ ಬಿಟ್ಟು, ಶಾಯಿಯೂ ಮುಕ್ಕಾಲು ಪಾಲು ಹೋಗಿ, ಬೆಣ್ಣೆಯಂಥ ಬಟ್ಟೆ ಉಳಿಯುತ್ತಿತ್ತು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವ ಕ್ರಮ ನಮ್ಮಲ್ಲಿ ಇಲ್ಲವಲ್ಲ, ಮೈಗೆ ಮೆತ್ತಗಿರುವ ಹಳೆಯದೇ ಆಗಬೇಕು. ನನ್ನ ಅಮ್ಮ ಅದರಲ್ಲಿ ಪುಟ್ಟ ಪುಟ್ಟ ಅಂಗಿ ಹೊಲಿದು ಬಾಣಂತಿಯರ ಮನೆಗೆ ಕೊಡುತ್ತಿದ್ದಳು. ಊರಿನ ಎಷ್ಟೋ ಮಕ್ಕಳು ಮೊದಲು ತೊಟ್ಟದ್ದು ಯಾವುದೋ ಸೇತುವೆಯನ್ನೋ ಶಾಲೆಯ ಪಾಯಖಾನೆಯನ್ನೋ.

ಬಹುಮಾನದ ಅರ್ಜಿ ನಮ್ಮ ಊರಿನ ಪಂಚಾಯತಿಯಿಂದ ನಕ್ಷೆಗಾಗಿ ನಮ್ಮ ಕಚೇರಿಗೆ ಬಂದದ್ದು ಮಳೆಗಾಲದ ಆರಂಭದಲ್ಲಿ. ಅದರ ಪ್ರಶ್ನೆಗಳನ್ನು ಬರೆದವರು ಘಟ್ಟದ ಮೇಲಿನವರಿರಬೇಕು. ಮುಖ್ಯ ಬೀದಿಯ ಉದ್ದ ಎಷ್ಟು, ಅದು ನೇರವಾಗಿದೆಯೇ, ಎರಡೂ ಬದಿಗೆ ಮನೆಗಳ ಸಾಲು ಇದೆಯೇ ಎಂದೆಲ್ಲ ಕೇಳಿದ್ದರು. ನಮ್ಮ ಊರು ಗುಲ್ವಾಡಿಯಿಂದ ಬಹಳ ದೂರವೇನಲ್ಲ, ಹೊಳೆಬದಿ. ಅಲ್ಲಿ ಬೀದಿ ಎಂಬ ಪದಾರ್ಥವೇ ಇಲ್ಲ. ಒಬ್ಬೊಬ್ಬರ ಮನೆ ಅವರವರ ಗದ್ದೆಯ ತಲೆಯ ಮೇಲೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗದ್ದೆಯಂಚು ಹಿಡಿದು, ಹಳ್ಳದ ಮೇಲಿನ ಮರದ ಸಂಕ ದಾಟಿ, ಮೂರನೆಯವರ ಅಂಗಳದ ಮೇಲೇ ಹೋಗಬೇಕು. ಹೋಗುವಾಗ ಒಂದು ಮಾತು ಆಡಿ ಹೋಗಬೇಕು. ಸುಮ್ಮನೆ ದಾಟಿದರೆ ಮಾರನೆಯ ದಿನ "ಎಂತ, ಸಿಟ್ಟಾ?" ಎಂದು ವಿಚಾರಣೆ.

ನಮ್ಮ ಓವರ್‌ಸಿಯರು ಬೈಂದೂರು ಕಡೆಯವರು. ಅರ್ಜಿ ಓದಿ ಕನ್ನಡಕ ತೆಗೆದರು.

"ಬೀದಿ ಇಲ್ಲೆ ಅಂದ್ ಹೇಳುಕಾತ್ತಾ? ಮಾರ್ಕ್ ಹೋತ್ತ್. ಒಂದ್ ಹಾಕ್."

"ಎಲ್ಲಿ ಹಾಕುದ್ ಸಾರ್?"

"ಶಾಲಿಂದ ಹೊಳಿ ತನ್ಕ ಹಾಕ್. ಬಪ್ಪ ರಸ್ತಿ ಅಂದ್ ಇಟ್ಕಂಬ. ತುಂಡ್ ಗೆರಿ ಸಾಕ್."

ಮುಂದೆ ಆಗಲಿರುವ ರಸ್ತೆಯನ್ನು ತುಂಡುಗೆರೆಯಲ್ಲಿ, ಈಗಾಗಲೇ ಇರುವುದನ್ನು ತುಂಬುಗೆರೆಯಲ್ಲಿ ಹಾಕುವುದು ಕ್ರಮ. ನಾನು ಅಡಿಕೋಲು ಇಟ್ಟು ಶಾಲೆಯಿಂದ ಹೊಳೆಯವರೆಗೆ ದಪ್ಪ ತುಂಬುಗೆರೆ ಎಳೆದೆ. ಚೆಂದ ಕಾಣುತ್ತಿತ್ತು. ಜೀವನದಲ್ಲಿ ಸ್ವಂತ ಬುದ್ಧಿ ಉಪಯೋಗಿಸಿದ್ದು ಅದೇ ಮೊದಲು.

ಆ ಗೆರೆ ಹೊಳೆ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ ಒಂದು ಮನೆಯ ಮೇಲೆ ಹೋಗುತ್ತಿತ್ತು. ಮೀನು ಮಾರುವ ಹೆಂಗಸಿನದು. ನಾವೆಲ್ಲ ಮೀನಿನಕ್ಕ ಎನ್ನುತ್ತಿದ್ದೆವು. ತೆಂಗಿನ ಗರಿಯ ಮಡಲು ಹೊದೆಸಿದ ಸೂರು, ಮುಂದೆ ಮೀನು ಒಣಗಿಸುವ ಅಂಗಳ. ಮಡಲಿನ ಮನೆಗಳು ಸರ್ವೆ ನಕ್ಷೆಯಲ್ಲಿ ಇರುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಇಲ್ಲದ್ದು ಶಾಯಿಯಲ್ಲಿ ಬರುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ಮನೆ ಅದು. ಅಲ್ಲಿ ಅಡಿಕೋಲು ಇಟ್ಟಾಗಲೂ ನೆನಪಿಗೆ ಬಂದಿತ್ತು. ನೆನಪಿಗೆ ಬಂದದ್ದನ್ನು ಬರೆಯುವುದು ನನ್ನ ಕೆಲಸವಲ್ಲ ಎಂದುಕೊಂಡೆ.

ತೀರ್ಪುಗಾರರು ಊರು ನೋಡಲು ಬರಬೇಕಾಗಿತ್ತು. ಹೊಳೆ ತುಂಬಿ ದೋಣಿ ನಿಂತದ್ದರಿಂದ ಮಂಗಳೂರಿನಲ್ಲೇ ಕುಳಿತು ನಾವು ಕಳಿಸಿದ ನಕ್ಷೆಯ ಪ್ರತಿ ನೋಡಿದರು. ಬಾರ್ಕೂರಿನ ಕಡೆಯವರು, ತಮ್ಮದು ಹಿಂದೊಮ್ಮೆ ರಾಜಧಾನಿಯೇ ಆಗಿದ್ದ ಊರಾದ್ದರಿಂದ ಬಹುಮಾನ ತಮಗೇ ಎಂದು ನಂಬಿದ್ದರಂತೆ. ಕೊಕ್ಕರ್ಣೆ ಕಡೆಯ ಒಂದು ಅರ್ಜಿಯಲ್ಲಿ 'ಬೀದಿ ಇಲ್ಲ, ಗದ್ದೆ ಉಂಟು' ಎಂದು ನಿಜ ಬರೆದಿದ್ದರಂತೆ. ಅವರಿಗೆ ಏನೂ ಸಿಗಲಿಲ್ಲ. ನಮಗೆ ಬೆಳ್ಳಿಬಣ್ಣದ ಫಲಕ ಸಿಕ್ಕಿತು.

ಮಂಗಳೂರಿನ ಸಭೆಯಲ್ಲಿ ಫಲಕ ಕೊಟ್ಟ ಅತಿಥಿಗಳು ಆ ನೇರವಾದ ಬೀದಿಯನ್ನು ಬಹಳ ಹೊಗಳಿದರು. ಅದರಲ್ಲಿ ಒಮ್ಮೆ ನಡೆಯಬೇಕೆಂದು ತಮಗೆ ಆಸೆ ಎಂದರು. ನಮ್ಮ ಪಂಚಾಯತಿ ಅಧ್ಯಕ್ಷರು ಕೊರಳಿನ ಹಾರ ಸರಿ ಮಾಡಿಕೊಂಡು, "ಮಳೆಗಾಲ ಕಳೆದ ಕೂಡಲೇ ಬನ್ನಿ" ಎಂದುಬಿಟ್ಟರು.

ಹೀಗಾಗಿ ರಸ್ತೆ ಮಾಡಲೇಬೇಕಾಯಿತು. ಮೇಲಿನಿಂದ ಮಂಜೂರಾತಿಯೂ ಬಂತು, 'ಬಹುಮಾನಿತ ನಕ್ಷೆಯ ಪ್ರಕಾರ' ಎಂಬ ಷರತ್ತಿನೊಂದಿಗೆ. ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಇಬ್ಬರು ಹೋಗಿ ಕೆಂಪು ತಲೆಯ ಗೂಟ ಹೊಡೆದರು. ಒಂದು ಮೀನಿನಕ್ಕನ ಅಂಗಳದಲ್ಲಿ ಬಿತ್ತು. ಮುಂದಿನದು ಅವಳ ಒಲೆಯ ಬುಡಕ್ಕೆ ಬರಬೇಕಿತ್ತು. ಒಲೆ ಉರಿಯುತ್ತಿದ್ದುದರಿಂದ ಗೋಡೆಯ ಹೊರಗೆ ಹೊಡೆದು ಹೋದರು.

ಮಾರನೆಯ ದಿನ ಅವಳು ಕಚೇರಿಗೆ ಬಂದಳು. ಮೀನಿನ ಬುಟ್ಟಿಯನ್ನು ಜಗಲಿಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು. ಮನೆಗೆ ಬಂದರೆ ಮಗಾ, ನೀನು ಎನ್ನುವವಳು ಅವತ್ತು ನೀವು ಅಂದಳು.

"ನಿಮ್ಮ ನಕ್ಷಿ ಇತ್ತಂಬ್ರಲೆ. ಅದ್ರಗೆ ನಮ್ಮನಿ ಎಲ್ಲಿತ್ತ್ ಕಾಣ್ಸಿ."

"ಇಲ್ಲೆ," ಎಂದೆ. "ಮಡ್ಲ್ ಮನಿ ಹಾಕು ಕ್ರಮ ಇಲ್ಲೆ."

"ನಿಮ್ಮನಿ ಇತ್ತಾ?"

"ಇತ್ತ್."

ನಾನು ನಕ್ಷೆ ಬಿಡಿಸಿ ತೋರಿಸಿದ ನಮ್ಮ ಮನೆಯ ಚೌಕದ ಮೇಲೆ ಅವಳು ಬಾಗಿದಳು.

"ಮತ್ತೆ ಆ ಮನಿಗೆ ದಿನಾ ಮೀನ್ ಎಲ್ಲಿಂದ ಬತ್ತ್ ಅಂದ್ಕಂಡಿದ್ರಿ?"

ನಾನು ಶಾಯಿ ಬಾಟಲಿಯ ಮುಚ್ಚಳ ಹಾಕಿದೆ, ತೆಗೆದೆ.

"ಮಗ್ಳ್ ಬಸ್ರಿ. ಇನ್ ಎರಡ್ ತಿಂಗ್ಳ್. ಹೆರುಕೆ ಅವ್ಳನ್ನ್ ಎಲ್ಲಿಗ್ ಕರ್ಕಂಡ್ ಹೋಪುದ್? ಅದನ್ನಾರೂ ಹೇಳಿ."

ಅವಳು ಬುಟ್ಟಿ ಹೊತ್ತು ಹೋದಳು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಓವರ್‌ಸಿಯರ ಹತ್ತಿರ ಹೋಗಿ, ರಸ್ತೆಯನ್ನು ಅಲ್ಲೊಂದು ಕಡೆ ಸ್ವಲ್ಪ ಬಗ್ಗಿಸಬಹುದೇ ಎಂದು ಕೇಳಿದೆ. ಅವರು ಕೆಟ್ಟವರಲ್ಲ. ನಕ್ಷೆ ನೋಡಿ ಬೇಸರದಿಂದಲೇ ಅಡ್ಡಡ್ಡ ತಲೆಯಾಡಿಸಿದರು.

"ತುಂಡ್ ಗೆರಿ ಹಾಕಿದ್ರೆ ಬಗ್ಗ್ಸಲಕ್ಕಿತ್ತ್. ನೀ ತುಂಬ್ ಗೆರಿ ಹಾಕಿದ್ದೆ. ಅಂದ್ರೆ ಇಪ್ಪ ರಸ್ತಿ. ಇಪ್ಪ ರಸ್ತೀನ ಬಗ್ಗ್ಸುದ್ ಹ್ಯಾಂಗ್?"

ಬಹುಮಾನ ಬಂದ ನಕ್ಷೆಯನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ ಎಂದೂ ಹೇಳಿದರು. ಮಳೆ ಪೂರ್ತಿ ಬಿಟ್ಟ ಮೇಲೆ, ಮೂಲ ಬಟ್ಟೆಯನ್ನು ಬಿಸಿಲಿಗಿಟ್ಟು ಮೂರು ನೀಲಿ ಪ್ರತಿ ತೆಗೆದು ಕಳಿಸಬೇಕು, ಕೆಲಸ ಶುರುವಾಗುವುದು ಆಮೇಲೆ. ಆ ಮೂಲ ಬಟ್ಟೆ ನನ್ನ ಸುಪರ್ದಿಯಲ್ಲಿ, ಒಂದು ತಗಡಿನ ಕೊಳವೆಯಲ್ಲಿ ಇತ್ತು.

ಅದೇ ವಾರ ಅಮ್ಮ ಕೇಳಿದಳು, "ಮೀನಿನಕ್ಕನ ಮಗಳಿಗ್ ಬಟ್ಟಿ ಬೇಕಾತ್ತ್. ಆಪೀಸಗೆ ಹಾಳಾದ್ದ್ ಇದ್ರೆ ತಕಂಬಾ."

ಹಾಳಾದದ್ದು ಎರಡಿದ್ದವು. ನಾನು ಮೂರು ಒಯ್ದೆ.

ಅಮ್ಮ ಹಂಡೆಯ ಹತ್ತಿರ ಕೂತು ಒಂದೊಂದೇ ಬಿಡಿಸಿ ನೋಡಿದಳು. ಓದು ಬಾರದವಳಾದರೂ ಹಾಳಾದ ಬಟ್ಟೆ ಯಾವುದು ಎಂದು ನನಗಿಂತ ಚೆನ್ನಾಗಿ ಗೊತ್ತು. ಮೂರನೆಯದನ್ನು ಬೆಳಕಿಗೆ ಹಿಡಿದಳು.

"ಇದೂ ಹಾಳಾದ್ದಾ?"

"ಹೌದ್."

"ಎಲ್ಲಿ? ನಂಗ್ ಕಾಂತಿಲ್ಲೆ."

ನಾನು ರಸ್ತೆಯ ಮೇಲೆ ಬೆರಳಿಟ್ಟು, "ಇಲ್ಲಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಮತ್ತೇನೂ ಕೇಳದೆ ಬಟ್ಟೆಯನ್ನು ಕುದಿಯುವ ನೀರಿಗೆ ಬಿಟ್ಟು ಕೋಲಿನಿಂದ ಅದುಮಿದಳು. ಗಂಜಿ ಬಿಟ್ಟಿತು. ಶಾಲೆ, ಪಂಚಾಯತಿ ಕಟ್ಟಡ, ನಮ್ಮ ಮನೆಯ ಚೌಕ ಎಲ್ಲ ಹಂಡೆಯಲ್ಲಿ ಕರಗಿ ನೀರು ಬೂದುಬಣ್ಣವಾಯಿತು. ಆ ನೀರನ್ನು ಬಸಳೆಯ ಬುಡಕ್ಕೆ ಹೊಯ್ದಳು.

ಕಚೇರಿಯಲ್ಲಿ ಎರಡು ದಿನ ಹುಡುಕಿದರು. ನಾನೂ ಹುಡುಕಿದೆ. ಮೂರನೆಯ ದಿನ, ಹಾಳಾದ ಬಟ್ಟೆಗಳ ಜೊತೆ ತಪ್ಪಿ ಮನೆಗೆ ಹೋಗಿ ತೊಳೆದುಹೋಯಿತು ಎಂದು ಬರೆದುಕೊಟ್ಟೆ. ಮೆಮೊ ಬಂತು. ನಕ್ಷೆಗಾರನಾಗಿ ಬಡ್ತಿ ಆಗಬೇಕಾದದ್ದು ಮೂರು ವರ್ಷ ಮುಂದಕ್ಕೆ ಹೋಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ಉಂಡೆ. ಬಹುಮಾನ ಕೊಟ್ಟವರ ಹತ್ತಿರವೇ ಪ್ರತಿ ಕೇಳಿದರೆ ಆಗುತ್ತಿತ್ತು. ಆದರೆ ಬಹುಮಾನದ ನಕ್ಷೆಯನ್ನು ಹಂಡೆಯಲ್ಲಿ ಕುದಿಸಿದ್ದೇವೆ ಎಂದು ಬರೆಯಲು ಯಾರಿಗೂ ಮನಸ್ಸಾಗಲಿಲ್ಲ. ಹೊಸದಾಗಿ ಅಳೆಯುವುದೇ ಮರ್ಯಾದೆ ಎಂದು ತೀರ್ಮಾನವಾಯಿತು.

ಅಳೆಯುವಾಗ ಸರಪಳಿಯ ಒಂದು ತುದಿ ನಾನೇ ಹಿಡಿದೆ. ಮೊದಲು ಅಳೆದದ್ದು ಮೀನಿನಕ್ಕನ ಮನೆ. ಮನೆ, ಮೀನು ಒಣಗಿಸುವ ಅಂಗಳ, ಮೂರು ತೆಂಗಿನಮರ, ಒಲೆ ಇರುವ ಮೂಲೆ ಎಲ್ಲ ಬರೆದೆ. ಅಷ್ಟು ವಿವರವಾಗಿ ಬರೆದ ಮನೆ ಆ ನಕ್ಷೆಯಲ್ಲಿ ಇನ್ನೊಂದಿಲ್ಲ. ರಸ್ತೆಯನ್ನು ತುಂಡುಗೆರೆಯಲ್ಲಿ ಹಾಕಿದೆ. ಅದು ಅವಳ ಅಂಗಳದ ಬೇಲಿಯ ಹತ್ತಿರ ಬಂದು, ಎಡಕ್ಕೆ ಹೊರಳಿ, ಸುತ್ತಿ ಹೊಳೆಗೆ ಹೋಯಿತು. ಓವರ್‌ಸಿಯರು ಆ ತಿರುವನ್ನು ಬಹಳ ಹೊತ್ತು ನೋಡಿ ಸಹಿ ಹಾಕಿದರು.

ಬೇಸಗೆಯಲ್ಲಿ ಅತಿಥಿಗಳು ಬಂದು ರಸ್ತೆಯಲ್ಲಿ ನಡೆದರು. ತಿರುವಿನಲ್ಲಿ ನಿಂತು, ಇದು ಯಾಕೆ ಎಂದರು. ಹೊಳೆಯ ಗಾಳಿ ನೇರ ಶಾಲೆಗೆ ಬಡಿಯಬಾರದು ಎಂದು ಅಧ್ಯಕ್ಷರು ವಿವರಿಸಿದರು. "ಒಳ್ಳೆಯ ಯೋಜನೆ" ಎಂದು ಅತಿಥಿಗಳು ಮೆಚ್ಚಿದರು. ಫಲಕ ಪಂಚಾಯತಿಯ ಗೋಡೆಯಲ್ಲೇ ಉಳಿಯಿತು.

ಆದರೆ ನನ್ನ ಲೆಕ್ಕದಲ್ಲಿ ಈ ಸಂಗತಿ ಮುಗಿದದ್ದು ಅದಕ್ಕಿಂತ ಮೊದಲೇ, ಒಂದು ಭಾನುವಾರ. ಮೀನಿನಕ್ಕ ಮೊಮ್ಮಗಳನ್ನು ಅಮ್ಮನಿಗೆ ತೋರಿಸಲು ಎತ್ತಿಕೊಂಡು ಬಂದಿದ್ದಳು. ಅವಳದೇ ಮನೆಯಲ್ಲಿ ಹುಟ್ಟಿ, ಆ ಒಲೆಯ ಬಿಸಿನೀರಿನಲ್ಲೇ ಮೀಯುತ್ತಿದ್ದ ಮಗು. ಮಗುವಿನ ಮೈಮೇಲೆ ಅಮ್ಮ ಹೊಲಿದ ಅಂಗಿ. ನಾನು ಒಳಗೆ ಹೋಗಲು ನೋಡಿದೆ.

"ಹ್ವಾಯ್, ಎಲ್ಲಿಗ್ ಹೋತೆ? ಬಾ ಇಲ್ಲಿ," ಎಂದಳು. ಮಗುವನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿದಳು. "ಕಾಣ್ ಮಗಾ, ನಿನ್ನ್ ರಸ್ತಿ."

ಉಳಿದದ್ದೆಲ್ಲ ತೊಳೆದುಹೋದರೂ ದಪ್ಪ ಗೆರೆ ಪೂರ್ತಿ ಹೋಗಿರಲಿಲ್ಲ. ಕುತ್ತಿಗೆಯಿಂದ ಸೊಂಟದವರೆಗೆ, ಬೆನ್ನಿನ ಮೇಲೆ, ಮಸುಕಾಗಿ, ನೇರವಾಗಿ ಇತ್ತು. ಅವಳು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಮಗು ಮೈ ಮುದುಡಿ ಅವಳ ಕುತ್ತಿಗೆಗೆ ಒರಗಿತು. ರಸ್ತೆ ಬಗ್ಗಿತು.

"ಇಷ್ಟೇ ಬೇಕಾದ್ದಿತ್ತ್," ಎಂದಳು ಮೀನಿನಕ್ಕ.