ಐಲಾಳ ದೋಣಿ, ದ್ವೀಪದ ಆರು ಕೈ

ಏನಾದರೂ ಕೆಟ್ಟರೆ ಐಲಾ ಕಂಗಸ್ ಮೊದಲು ರಿಪೇರಿಗೆ ಕೈ ಹಾಕುವವಳಲ್ಲ, ಯಾಕೆ ಕೆಟ್ಟಿತು ಎಂದು ಹುಡುಕುವವಳು. ಕಾಗದದ ಕಾರ್ಖಾನೆಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷ ಒಂದೇ ಪಾಳಿ. ಮುಷ್ಕರದ ಹದಿಮೂರು ತಿಂಗಳು ಒಂದೇ ಗೇಟಿನ ಮುಂದೆ ಒಂದೇ ಬೆಂಕಿಗೆ ಕೈ ಕಾಯಿಸಿದವರು. ಪೊಲೀಸರು ನಮ್ಮನ್ನು ವ್ಯಾನಿಗೆ ತುಂಬಿದ ದಿನ ಅವಳು ಡ್ರೈವರನನ್ನು ಕೇಳಿದ್ದು ಒಂದೇ ಮಾತು: "ಗಾಡಿ ಯಾಕೆ ಹಿಂಗ್ ಕೆಮ್ತಿದೆ? ಪ್ಲಗ್ ನೋಡಿದ್ರಾ?"

ಈಗ ಅವಳಿಗೆ ಎಪ್ಪತ್ಮೂರು.

ಈ ವರ್ಷ ನಮ್ಮ ಕೆರೆಯ ಮಂಜುಗಡ್ಡೆ ಭಾನುವಾರ ಒಡೆದು ದಾರಿ ಬಿಟ್ಟಿತು. ಮಂಗಳವಾರ ಸಂಜೆ ಆರಕ್ಕೆ ಊರಿನ ವಾರ್ಷಿಕ ಸಭೆ. ಸಾರ್ವಜನಿಕ ದೋಣಿಕಟ್ಟೆಯನ್ನು ರಿಸಾರ್ಟಿನವರಿಗೆ ಮಾರಬೇಕೇ ಬೇಡವೇ ಎಂಬುದೇ ಅಂದಿನ ಮುಖ್ಯ ವಿಷಯ. ನಮ್ಮಲ್ಲಿ ಸಭೆಗೆ ಬಂದು ಕೈ ಎತ್ತಿದವರದ್ದೇ ಲೆಕ್ಕ, ಕಾಗದ ಬರೆದು ಕಳಿಸಿದರೆ ಒಲೆಗೆ ಹಾಕಬಹುದು. ದ್ವೀಪದಲ್ಲಿದ್ದ ಆರು ಜನ ಮೂರು ವಾರದಿಂದ ಸಿಕ್ಕಿಬಿದ್ದಿದ್ದರು. ಕರಗುತ್ತಿದ್ದ ಗಡ್ಡೆ ನಡೆಯುವವರ ಭಾರ ತಡೆಯುತ್ತಿರಲಿಲ್ಲ, ದೋಣಿಗೂ ದಾರಿ ಬಿಡುತ್ತಿರಲಿಲ್ಲ. ಅವರ ದೋಣಿಯ ಮೋಟರುಗಳೆಲ್ಲ ಪೇಟೆಯ ಗ್ಯಾರೇಜಿನಲ್ಲಿ, ಗ್ಯಾರೇಜಿನವನು ಚಳಿ ತಪ್ಪಿಸಿಕೊಂಡು ಮೇ ತಿಂಗಳವರೆಗೆ ಫ್ಲಾರಿಡಾದಲ್ಲಿ. ಏಪ್ರಿಲ್ಲಿನ ಮೂರನೇ ಮಂಗಳವಾರವೇ ಸಭೆ ಎನ್ನುವ ಕಾನೂನಿಗೆ ಕೆರೆಯ ಸಂಕಟ ಗೊತ್ತಿಲ್ಲ. ಆ ಆರು ಕೈ ಬರದಿದ್ದರೆ ಕಟ್ಟೆ ಹೋದಂತೆಯೇ. ಅವರನ್ನು ತರಬೇಕಾದ್ದು ಐಲಾಳ ಹದಿನಾಲ್ಕು ಅಡಿಯ ಅಲ್ಯುಮಿನಿಯಂ ದೋಣಿ.

ಸೋಮವಾರ ಬೆಳಿಗ್ಗೆ ನಾನು ಅವಳ ಷೆಡ್ಡಿಗೆ ಹೋದಾಗ ಮೋಟರಿನ ಕೆಳಗಿನ ತಿರುಪು ಬಿಚ್ಚುತ್ತಿದ್ದಳು. ಕಪ್ಪಗೆ ಇಳಿಯಬೇಕಾದ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಇಳಿಯಿತು.

"ನೀರು ಹೊಕ್ಕಿದೆ," ಎಂದಳು. ಮುಖದಲ್ಲಿ ಗಾಬರಿ ಕಾಣಲಿಲ್ಲ, ಹಬ್ಬ ಕಂಡಿತು. "ಎಲ್ಲಿಂದ ಅಂತೀನಿ?"

"ಶರದೃತುವಿನಲ್ಲಿ ಆಯಿಲ್ ಬದಲಾಯಿಸಿರಲಿಲ್ವಾ? ಊರಿಗೆಲ್ಲ ಬುದ್ಧಿ ಹೇಳ್ತೀಯ."

"ಭುಜ ನೋಯ್ತಿತ್ತು ಕಣೆ. ವಸಂತಕ್ಕೆ ನೋಡೋಣ ಅಂದ್ಕೊಂಡೆ. ಕತ್ತೆ ನಾನು."

ಒಳಗೆ ನಿಂತ ನೀರು ಚಳಿಗೆ ಹೆಪ್ಪುಗಟ್ಟಿ ಗೇರಿನ ಪೆಟ್ಟಿಗೆಯನ್ನೇ ಸೀಳಬಹುದಿತ್ತು. ಬ್ಯಾಟರಿ ಹಿಡಿದು ಇಂಚಿಂಚೂ ನೋಡಿದಳು. ಬಿರುಕಿರಲಿಲ್ಲ. ಪ್ರೊಪೆಲ್ಲರ್ ಕಳಚಿದಾಗ ಕಾರಣ ಸಿಕ್ಕಿತು: ಗಾಳದ ದಾರ. ಪ್ರೊಪೆಲ್ಲರ್ ತಿರುಗಿಸುವ ದಂಡಕ್ಕೆ ಬಿಗಿಯಾಗಿ ಸುತ್ತಿಕೊಂಡು, ನೀರು ಒಳಬರದಂತೆ ತಡೆಯುವ ರಬ್ಬರ್ ಬಳೆ, ಆಯಿಲ್ ಸೀಲನ್ನು ಕೊಯ್ದು ಹಾಕಿತ್ತು. ಹಸಿರು ದಾರ.

"ಇದು ನನ್ನದಲ್ಲ," ಎಂದಳು ಐಲಾ, ಉಗುರಿನಿಂದ ಎಳೆ ಬಿಡಿಸುತ್ತಾ. "ಈ ಕೆರೇಲಿ ಹಸಿರು ದಾರ ಹಾಕೋನು ಒಬ್ಬನೇ."

ಅವನು ಲೈಲ್ ಟಾಮ್ಚಕ್. ಊರಿನ ಅಧ್ಯಕ್ಷ. ಕಟ್ಟೆ ಮಾರಬೇಕೆಂದು ಪಟ್ಟು ಹಿಡಿದವನೂ ಅವನೇ.

ನಾನು ಜಗಳಕ್ಕೆ ತಯಾರಾಗಿಯೇ ಅವಳ ಜೊತೆ ಹೋದೆ. ಲೈಲ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಐಲಾ ದಾರದ ಉಂಡೆಯನ್ನು ಅವನ ಮೂಗಿನ ಮುಂದೆ ಹಿಡಿದಳು.

"ಇದು ನನ್ನ ಮೋಟರೊಳಗೆ ಹೆಂಗ್ ಬಂತೋ?"

ಅವನ ಕಿವಿ ಕೆಂಪಾಯಿತು. "ನವೆಂಬರಲ್ಲಿ... ನನ್ನ ನಾಯಿ ಬಾತುಕೋಳಿ ಹಿಂದೆ ಹೋಗಿ ಎಳೇ ಗಡ್ಡೇಲಿ ಸಿಕ್ಕಾಕ್ಕೊಂತು. ನನ್ನ ದೋಣಿ ಆಗಲೇ ಮೇಲೆ ಎಳೆದಾಗಿತ್ತು. ಕಟ್ಟೇಲಿ ನಿಂದು ಕಟ್ಟಿತ್ತು. ತಗೊಂಡ್ಹೋದೆ."

"ದಾರ?"

"ಹತ್ರ ಹೋಗಕ್ಕಾಗ್ಲಿಲ್ಲ. ಗಾಳ ಎಸೆದು ಕೊರಳಪಟ್ಟಿಗೆ ಸಿಕ್ಕಿಸಿ ಎಳ್ಕೊಂಡೆ."

"ಎಷ್ಟು ಸಲ ಎಸೆದೆ?" ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇವಳಿಗೆ ಅದೇ ಮುಖ್ಯ.

"ಮೂರು."

"ಗಾಳಿ ಎದುರಾಗಿತ್ತಾ?"

"ಎದುರೇ. ತಪ್ಪಿದಾಗೆಲ್ಲ ದಾರ ಹಿಂದಕ್ಕೆ ಮೋಟರ್ ಕಡೆ ಹಾರ್ತಿತ್ತು."

"ಭೇಷ್," ಎಂದಳು. "ಕಟ್ಟೇನ ರಿಸಾರ್ಟಿನೋರಿಗೆ ಕೊಟ್ಟಾಗಿದ್ದಿದ್ರೆ ಅಲ್ಲಿ ಯಾರ ದೋಣಿ ಇರ್ತಿತ್ತೋ, ಪುಣ್ಯಾತ್ಮ? ಇರ್ಲಿ. ನಿಂದೂ ಇದೇ ಮೋಟರ್ ಅಲ್ವಾ, ಸೀಲ್ ಇದ್ರೆ ಕೊಡು."

ಅವನು ಒಳಗೆ ಹೋಗಿ ಬಿಡಿಭಾಗ ತುಂಬಿದ ಕಾಫಿ ಡಬ್ಬಿ ತಂದು ತಡಕಾಡಿದ. ಸೀಲ್ ಸಿಕ್ಕಿತು. ಕೊಡದೆ ಬೆರಳಲ್ಲಿ ತಿರುಗಿಸುತ್ತಾ ನಿಂತ.

"ಯಾರನ್ನ ತರಕ್ಕೆ ಅಂತ ಗೊತ್ತು ಕಣೆ ನಂಗೆ. ಸಭೇಲಿ ನನ್ನ ವಿರುದ್ಧ ಕೈ ಎತ್ತೋರಿಗೆ ನಾನೇ ದೋಣಿ ಕಟ್ಟಿಕೊಟ್ಟಂಗೆ."

"ನಾಯಿ ನಿಂದೋ ನಂದೋ?"

ಕೊಟ್ಟ. ಕೆಟ್ಟ ಮನುಷ್ಯನಲ್ಲ, ಕೆಟ್ಟ ಅಧ್ಯಕ್ಷ.

ಮಧ್ಯಾಹ್ನದ ಹೊತ್ತಿಗೆ ಹೊಸ ಸೀಲ್ ಕೂತಿತು. ಕೆಳಗಿನ ತೂತಿನಿಂದ ಆಯಿಲ್ ಒತ್ತಿದಳು. ಮೇಲಿನ ತೂತಿನಲ್ಲಿ ಗುಳ್ಳೆ ನಿಂತು ಆಯಿಲ್ ಉಕ್ಕಿದ ಮೇಲೆಯೇ ತಿರುಪು ಬಿಗಿದದ್ದು. ಮೋಟರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದೆವು, ಸರದಿಯ ಮೇಲೆ, ಬೈಯುತ್ತಾ. ಹನ್ನೊಂದನೇ ಎಳೆತಕ್ಕೆ ಹೊಗೆ ಉಗುಳಿ ಗುಡುಗಿತು.

ಮಂಗಳವಾರ ಎರಡು ಸುತ್ತಿನಲ್ಲಿ, ತೇಲುವ ಗಡ್ಡೆಗಳನ್ನು ಹುಟ್ಟಿನಿಂದ ತಳ್ಳುತ್ತಾ, ಆರು ಜನರನ್ನೂ ತಂದಳು. ಕೈ ಎಣಿಸಿದರು: ಮಾರಬಾರದು ಇಪ್ಪತ್ನಾಲ್ಕು, ಮಾರಬೇಕು ಇಪ್ಪತ್ಮೂರು. ಒಂದೇ ಕೈಯಲ್ಲಿ ಕಟ್ಟೆ ಉಳಿಯಿತು. ಆದರೆ ಆ ಇಪ್ಪತ್ಮೂರರಲ್ಲಿ ಎರಡು ಕೈ ದ್ವೀಪದ ಆರ್ವಿಲ್ ಮತ್ತು ಅವನ ಹೆಂಡತಿ ಬರ್ನೀಸರದ್ದು! ನಮ್ಮ ದೋಣಿಯಲ್ಲೇ ಬಂದ ಕೈಗಳು. ನಾನಾಗಿದ್ದರೆ ಅವರಿಗೆ ಈಜಿಕೊಂಡು ವಾಪಸು ಹೋಗಿ ಎನ್ನುತ್ತಿದ್ದೆ.

ವಾಪಸಿನ ಮೊದಲ ಸುತ್ತಿಗೇ ಐಲಾ ಇಬ್ಬರನ್ನೂ ಕೂರಿಸಿಕೊಂಡಳು. ನಾನು ಮುಂದೆ ಗಡ್ಡೆ ತಳ್ಳಲು ಕೂತೆ. ಬೆಳಕು ಇನ್ನೂ ಇತ್ತು. ನಡುಕೆರೆಯಲ್ಲಿ ಮೋಟರ್ ನಿಧಾನ ಮಾಡಿದಳು.

"ಆರ್ವಿಲ್, ಜಗಳಕ್ಕಲ್ಲ. ಯಾಕೆ ಆ ಕಡೆ ಎತ್ತಿದೆ?"

"ರಿಸಾರ್ಟಿನೋರು ಗಡ್ಡೆ ಒಡ್ಕೊಂಡು ಓಡೋ ದೊಡ್ಡ ದೋಣಿ ಬಿಡ್ತೀವಿ ಅಂದಿದ್ರು. ಎಷ್ಟ್ ವರ್ಷ ಅಂತ ನಿನ್ನ ಭುಜ ನಂಬ್ಕೊಂಡಿರೋದು, ಐಲಾ?"

ಅವಳು ಮೋಟರನ್ನೇ ನಿಲ್ಲಿಸಿದಳು. ಮನಸ್ಸು ನೊಂದಿತೇನೋ ಅಂದುಕೊಂಡು ತಿರುಗಿ ನೋಡಿದೆ.

"ಗಡ್ಡೆ ಒಡೆಯೋದಾ?" ಎಂದಳು ಐಲಾ, ಅವನ ಕಡೆ ಬಾಗಿ. "ಆ ದೋಣಿ ತಳ ಹೆಂಗಿರುತ್ತಂತೆ?"